ಥಂಡಿ ಬಂತು, ಹೊಗೆ ನೆಲ ಬಿಟ್ಟೇಳದು!

ಉಮರ್ಗಾ: ಥಂಡಿ ದಿನಗಳ ಮುಂಜಾನೆ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ, ಟಮ್‌ಟಮ್, ಕಬ್ಬಿನ ಟ್ರ್ಯಾಕ್ಟರ್‌ಗಳ ಹೊಗೆ ಮೇಲೇಳದೆ ಮಂದಿಯ ಮೂಗಿನ ಮಟ್ಟದಲ್ಲೇ ತೇಲುತ್ತದೆ. ಶಾಲೆಗೆ ಹೊರಟ ಮಕ್ಕಳು, ಬಸ್ಸಿಗೆ ನಿಂತ ಕೂಲಿ ಹೆಣ್ಣುಮಕ್ಕಳು ಅದನ್ನೇ ಉಸಿರಾಡಬೇಕು. ನಿಲಂಗಾ, ಉದಗೀರದ ಬಸ್ ನಿಲ್ದಾಣಗಳ ಪಾಡೂ ಬೇರೆಯಲ್ಲ. ಅದೇ ಗಾಡಿಗಳು ಮೇ ತಿಂಗಳ ಮಧ್ಯಾಹ್ನ ಓಡಿದರೆ ಹೊಗೆ ಇಷ್ಟು ನಿಲ್ಲುವುದಿಲ್ಲ. ಯಾಕೆ ಹೀಗೆ?

ಗಾಳಿಗೆ ಮುಚ್ಚಳ

ಹಗಲು ಕಾದ ನೆಲದ ಗಾಳಿ ಮೇಲೇರುತ್ತ ಹೊಗೆಯನ್ನೂ ಒಯ್ಯುತ್ತದೆ. ಚಳಿಗಾಲದ ರಾತ್ರಿ ಮೋಡವಿಲ್ಲದಾಗ ನೆಲ ಬೇಗ ತಣ್ಣಗಾಗುತ್ತದೆ. ಆಗ ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಈ ಬೆಚ್ಚನೆ ಪದರ ಪಾತೇಲಿಯ ಮುಚ್ಚಳದಂತೆ ಕೂತುಬಿಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆಯೇ ಅದು ತೆರೆಯುವುದು. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಇಂಧನ ಪೂರ್ತಿ ಉರಿಯದೆ ಹೊಗೆ ಹೆಚ್ಚುತ್ತದೆ. ಕಬ್ಬು ನುರಿಸುವ ಹಂಗಾಮೂ ಇದೇ ವೇಳೆಗೆ!

ಮಳೆ ಗಾಳಿಯನ್ನು ತೊಳೆಯುತ್ತದೆ. ಬೇಸಿಗೆಯಲ್ಲಿ ಹೊಗೆ ಚದುರಿದರೂ, ಕಡು ಬಿಸಿಲಿಗೆ ಅದರೊಳಗಿನ ಅನಿಲಗಳು ಓಝೋನ್ ಹುಟ್ಟಿಸುತ್ತವೆ. ದಮ್ಮು ಇದ್ದವರಿಗೆ ಅದು ಇನ್ನಷ್ಟು ತ್ರಾಸು.

ರಸ್ತೆ ಒಂದೇ, ಡೀಸೆಲ್ ಬೇರೆ

2010ರಲ್ಲಿ ದೇಶದ 13 ನಗರಗಳಿಗೆ ಬಿಎಸ್-4 ಇಂಧನ ಬಂದಾಗ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು, ಹೈದರಾಬಾದೂ ಇತ್ತು. ಅಲ್ಲಿನ ಡೀಸೆಲ್‌ನಲ್ಲಿ ಗಂಧಕದ ಮಿತಿ 10 ಲಕ್ಷ ಭಾಗಕ್ಕೆ 50. ಎರಡೂ ನಗರಗಳ ನಡುವಿನ ಉಮರ್ಗಾಕ್ಕೆ, ಒಳಗಿನ ನಿಲಂಗಾ, ಉದಗೀರಕ್ಕೆ ದಕ್ಕಿದ್ದು 350ರ ಮಿತಿಯ ಬಿಎಸ್-3. ಗಂಧಕ ಹೆಚ್ಚಿದಷ್ಟೂ ಹೊಗೆಯಲ್ಲಿ ಸೂಕ್ಷ್ಮ ಕಣ ಹೆಚ್ಚು. ಹೊಗೆ ಸೋಸುವ ಸಾಧನವೂ ಕೆಡುತ್ತದೆ.

2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಇಡೀ ದೇಶಕ್ಕೆ ಬಂತು. ಗಂಧಕದ ಮಿತಿ ಈಗ ಬರೀ 10. ಗಡಿ ದಾಟಿ ಬೀದರ ಕಡೆ ತುಂಬಿಸಿದರೆ ಡೀಸೆಲ್ ಚಲೋ ಎಂದುಕೊಳ್ಳುವಂತಿಲ್ಲ. ರಾಜ್ಯಗಳ ತೆರಿಗೆಯಿಂದ ದರ ಬೇರೆಯಾದೀತು, ದರ್ಜೆ ಎರಡೂ ಕಡೆ ಒಂದೇ.

ಉಳಿದದ್ದು ಗಾಡಿ

ಹೊಸ ಡೀಸೆಲ್ ಹಾಕಿದ ಮಾತ್ರಕ್ಕೆ ಹಳೆ ಎಂಜಿನ್ ಹೊಸದಾಗದು. ಬಿಎಸ್-6 ಲಾರಿಗಿರುವ ಕಣ ಸೋಸುವ ಸಾಧನ ಹಳೆ ಲಾರಿಗಿಲ್ಲ. ಏರ್ ಫಿಲ್ಟರ್ ಕಟ್ಟಿದರೆ, ನಾಜಲ್ ಕೆಟ್ಟರೆ, ಮಿತಿ ಮೀರಿ ಮಾಲು ಹೇರಿದರೆ ಕಪ್ಪು ಹೊಗೆ ಗ್ಯಾರಂಟಿ. ಘಾಸಲೇಟು ಕಲಸಿದರಂತೂ ಹೊಗೆಯ ಜತೆ ಎಂಜಿನ್ನೂ ಹಾಳು. ಪೆಟ್ರೋಲ್ ಬಗ್ಗೆ ಸಂಶಯವಿದ್ದರೆ ಪಂಪಿನಲ್ಲಿ ಫಿಲ್ಟರ್ ಪೇಪರ್ ಕೇಳುವ ಹಕ್ಕು ಗ್ರಾಹಕರಿಗಿದೆ. ಅದರ ಮೇಲೆ ಬಿಟ್ಟ ಹನಿ ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರಬೇಕು.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಗಾಳಿ ಕೆಟ್ಟ ನಗರಗಳ ಅದರ ಪಟ್ಟಿಯಲ್ಲಿ ಸೊಲ್ಲಾಪುರ, ಲಾತೂರು, ಕಲಬುರಗಿ ಮೂರೂ ಇವೆ. ಇವುಗಳ ನಡುವಿನ ಸಣ್ಣ ಊರುಗಳಿಗೆ ಅಂಥ ಯೋಜನೆಯಿಲ್ಲ, ಥಂಡಿಯ ಮುಚ್ಚಳ ಮಾತ್ರ ತಪ್ಪಿಲ್ಲ.

ಹವೆಯನ್ನು ಯಾರೂ ಬದಲಿಸಲಾರರು. ಆದರೆ ಪಿಯುಸಿ ಚೀಟಿಯನ್ನು ಪೊಲೀಸರಿಗೆ ತೋರಿಸಲಷ್ಟೇ ಇಟ್ಟುಕೊಳ್ಳದೆ, ಹೊಗೆಯನ್ನು ನಿಜಕ್ಕೂ ತಪಾಸಿಸಬಹುದು. ಪ್ಯಾಸೆಂಜರ್‌ಗಾಗಿ ಕಾಯುವಾಗ ಎಂಜಿನ್ ಬಂದ್ ಮಾಡಬಹುದು. ಅದರಲ್ಲೂ ನವೆಂಬರ್‌ನಿಂದ ಫೆಬ್ರುವರಿವರೆಗೆ, ಮುಂಜಾನೆ ಶಾಲೆ ಮಕ್ಕಳು ರಸ್ತೆಗಿಳಿಯುವ ಹೊತ್ತಿಗೆ.