ಲಾವೋಸ್‌ನಲ್ಲಿ ಯಾರಿಗೂ ಅವಸರವಿಲ್ಲ, ಯಾಕೆ?

‘ದೋಣಿ ಎಷ್ಟು ಗಂಟೆಗೆ ಹೊರಡುತ್ತೆ?’ ಅಂತ ಮೂರನೇ ಸಲ ಕೇಳಿದೆ. ಟಿಕೆಟ್ ಕೊಡುವ ಹುಡುಗ ನಕ್ಕು ‘ಬೋ ಪೆನ್ ಯಾಂಗ್’ ಅಂದ. ಲಾವೋ ಭಾಷೆಯಲ್ಲಿ ಹಾಗಂದ್ರೆ ‘ಪರವಾಗಿಲ್ಲ ಬಿಡಿ’. ಆ ದೇಶದಲ್ಲಿ ನಾನು ಕಲಿತ ಮೊದಲ ಮಾತು ಇದೇ.

ನಾನಿದ್ದದ್ದು ಹುವಾಯ್ ಸಾಯ್ ಎಂಬ ಗಡಿ ಊರಿನಲ್ಲಿ. ಮೆಕಾಂಗ್ ನದಿಯ ಆಚೆ ದಡ ಥಾಯ್ಲೆಂಡ್. ಇಲ್ಲಿಂದ ಲುವಾಂಗ್ ಪ್ರಬಾಂಗ್‌ಗೆ ಉದ್ದನೆಯ ಮರದ ದೋಣಿಯಲ್ಲಿ ಎರಡು ದಿನದ ಪ್ರಯಾಣ. ನಡುವೆ ಪಾಕ್‌ಬೆಂಗ್‌ನಲ್ಲಿ ರಾತ್ರಿ ತಂಗಬೇಕು. ಮೊದಲ ದಿನ ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ತೆಗೆದು ಸಿಗ್ನಲ್ ಹುಡುಕಿದೆ. ಎರಡನೇ ದಿನ ಅದು ಬ್ಯಾಗಿನಲ್ಲೇ ಉಳೀತು. ಮರಳ ದಂಡೆಯಲ್ಲಿ ಎಮ್ಮೆಗಳು, ಕೈಬೀಸುವ ಮಕ್ಕಳು, ನಿಲ್ದಾಣವೇ ಇಲ್ಲದ ಜಾಗದಲ್ಲಿ ಅಕ್ಕಿ ಮೂಟೆ ಸಮೇತ ಇಳಿದು ಕಾಡಿನೊಳಗೆ ಮರೆಯಾಗುವ ಅಜ್ಜಿ. ನೋಡೋಕೆ ಇಷ್ಟು ಸಾಕಿತ್ತು.

ಲುವಾಂಗ್ ಪ್ರಬಾಂಗ್ 1995ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಬೆಳಗಿನ ಜಾವ ಕಾವಿ ತೊಟ್ಟ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಹೆಂಗಸರು ಮಂಡಿಯೂರಿ ಕೂತು ಒಬ್ಬೊಬ್ಬರ ಪಾತ್ರೆಗೂ ಹಿಡಿ ಅನ್ನ ಹಾಕುತ್ತಾರೆ. ಮಾತಿಲ್ಲ, ಗಡಿಬಿಡಿಯಿಲ್ಲ. ನೀವು ಹೋದರೆ ದೂರ ನಿಂತು ನೋಡಿ, ಫ್ಲ್ಯಾಶ್ ಹಾಕಬೇಡಿ. ಅಲ್ಲಿನ ಅಂಟು ಅನ್ನವನ್ನು ನಮ್ಮ ಮುದ್ದೆಯ ಹಾಗೆ ಕೈಯಲ್ಲೇ ಮುರಿದು, ಉಂಡೆ ಮಾಡಿ, ಚಟ್ನಿಗೆ ಅದ್ದಿ ತಿನ್ನಬೇಕು. ಸಸ್ಯಾಹಾರಿಗಳು ಮಾತ್ರ ಮೊದಲೇ ಕೇಳಿಕೊಳ್ಳಿ, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತೆ.

‘ಇಲ್ಲಿನವರಿಗೆ ಟೆನ್ಷನ್ನೇ ಇಲ್ಲ ಕಣೋ’ ಅಂತ ಗೆಳೆಯನಿಗೆ ಮೆಸೇಜ್ ಹಾಕಿ, ರಾಜಧಾನಿ ವಿಯಾಂಟಿಯಾನ್‌ಗೆ ರೈಲು ಹತ್ತಿದೆ. 2021ರ ಡಿಸೆಂಬರಿನಲ್ಲಿ ಶುರುವಾದ ಈ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ.

ಅಲ್ಲಿ ‘ಕೋಪ್’ ಎಂಬ ಕೇಂದ್ರವಿದೆ. ಒಳಗೆ ಸೂರಿನಿಂದ ಕೃತಕ ಕಾಲುಗಳು ತೂಗುತ್ತಿವೆ. ಕೆಲವನ್ನು ಹಳ್ಳಿಯವರೇ ಮರದಿಂದ, ಬಾಂಬಿನ ಗುಜರಿ ಲೋಹದಿಂದ ಮಾಡಿಕೊಂಡಿದ್ದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1964ರಿಂದ 1973ರವರೆಗೆ, ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿಸಿತು. ಅದರಲ್ಲಿ ಕ್ಲಸ್ಟರ್ ಬಾಂಬಿನ ಚಿಕ್ಕ ಗುಂಡುಗಳೇ ಸುಮಾರು 27 ಕೋಟಿ. ಶೇ 30ರಷ್ಟು ಸಿಡಿಯಲೇ ಇಲ್ಲ ಎಂಬ ಅಂದಾಜಿದೆ. ಟೆನಿಸ್ ಚೆಂಡಿನಂಥ ಆ ಗುಂಡುಗಳಿಗೆ ಜನ ಇಟ್ಟ ಹೆಸರು ‘ಬಾಂಬಿ’. ಆಟದ ಸಾಮಾನು ಅಂತ ಎತ್ತಿಕೊಂಡು ಮಕ್ಕಳು ಈಗಲೂ ಸಾಯುತ್ತಾರೆ.

ಅಲ್ಲಿ ಸಿಕ್ಕ ಒಬ್ಬ ಹಿರಿಯರಿಗೆ, ನಿಮ್ಮ ಜನ ಎಷ್ಟು ನಿಧಾನ, ನಮಗೂ ಕಲಿಸಿ ಅಂದೆ. ಅವರು ನಕ್ಕರು. ‘ನಮ್ಮೂರಲ್ಲಿ ಹೊಲ ಅಗೆಯೋದೂ ನಿಧಾನವೇ. ಗುದ್ದಲಿಗೆ ಏನು ತಗಲುತ್ತೋ ಗೊತ್ತಿರಲ್ಲ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಬೋ ಪೆನ್ ಯಾಂಗ್’ ಅಂತ ಅವರೇ ಹೆಗಲು ತಟ್ಟಿದರು.

ಹೊರಗೆ ಬಂದು ಗೆಳೆಯನಿಗೆ ಹಾಕಿದ್ದ ಮೆಸೇಜ್ ಅಳಿಸಿದೆ.

ಲಾವೋಸ್‌ಗೆ ಹೋಗಿ, ದೋಣಿಯನ್ನೇ ಹತ್ತಿ. ವಿಯಾಂಟಿಯಾನ್‌ನಲ್ಲಿ ಒಂದು ಗಂಟೆ ಈ ಕೇಂದ್ರಕ್ಕೂ ಇಟ್ಟುಕೊಳ್ಳಿ. ಹಳ್ಳಿ ಕಡೆ ತಿರುಗಾಡುವಾಗ ಮಾತ್ರ ಜನ ತುಳಿದ ಕಾಲುದಾರಿ ಬಿಟ್ಟು ಇಳಿಯಬೇಡಿ.