ನಿಮಗಿದು ಗೊತ್ತೆ? ಯುವೆಂಟಸ್‌ಗೆ ಆರು ಗೋಲು ಹೊಡೆದ ಗಣಿ ಊರು

ಇಂಗ್ಲೆಂಡಿನ ಡರಂ ಸೀಮೆಯ ಪುಟ್ಟ ಊರು ವೆಸ್ಟ್ ಆಕ್ಲೆಂಡ್. ಗಣಿ ಕಾರ್ಮಿಕರೇ ಹೆಚ್ಚಾಗಿದ್ದ ಅಲ್ಲಿನ ಹವ್ಯಾಸಿ ಫುಟ್‌ಬಾಲ್ ಕ್ಲಬ್ 1909ರಲ್ಲಿ ಇಟಲಿಯ ಟ್ಯೂರಿನ್‌ಗೆ ಹೋಗಿ, ಚಹಾ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ ಹೆಸರಿನ ಕಪ್ ಗೆದ್ದಿತು. ವುಲ್‌ವಿಚ್ ಆರ್ಸೆನಲ್‌ಗೆ ಹೋಗಬೇಕಿದ್ದ ಆಹ್ವಾನ, ಎರಡೂ ಹೆಸರುಗಳ ಮೊದಲಕ್ಷರ ಒಂದೇ ಆದ್ದರಿಂದ, ಇವರ ಕೈಸೇರಿತೆಂಬ ಕಥೆಯಿದೆ. ರಂಜನೀಯವೇನೋ ಹೌದು, ಆದರೆ ಅದು ಕರೆ ಬಂದದ್ದಕ್ಕೆ ಕಾರಣ ಹೇಳೀತೇ ಹೊರತು ಗೆಲುವಿಗಲ್ಲ. 1911ರಲ್ಲಿ ಇದೇ ಕ್ಲಬ್ ಮತ್ತೆ ಹೋಗಿ, ಫೈನಲ್‌ನಲ್ಲಿ ಯುವೆಂಟಸ್ ತಂಡವನ್ನು 6–1ರಿಂದ ಮಣಿಸಿತು. ಆಕಸ್ಮಿಕ ಎರಡು ಸಲ ನಡೆಯುವುದು ಅಪರೂಪ.

ಅಂದಿನ ಯುವೆಂಟಸ್ ಇಂದಿನ ದೈತ್ಯ ತಂಡವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆಗ ಇಟಲಿಯ ಆಟಗಾರರೂ ಹವ್ಯಾಸಿಗಳೇ. ಹಾಗೆ ನೋಡಿದರೆ ಇದು ಸಮಬಲರ ಪಂದ್ಯ, ಆರು ಗೋಲುಗಳ ತೂಕ ಕಡಿಮೆಯಾಗದು. ಈ ಟೂರ್ನಿಗೆ ಕೊಡುವ ‘ಮೊದಲ ವಿಶ್ವಕಪ್’ ಎಂಬ ಬಿರುದು ಮಾತ್ರ ಅತಿಯಾಯಿತು: ಆಡಿದ್ದು ಯುರೋಪಿನ ನಾಲ್ಕೇ ತಂಡಗಳು, 1908ರಲ್ಲೇ ಟ್ಯೂರಿನ್‌ನಲ್ಲಿ ಇನ್ನೊಂದು ಅಂತರರಾಷ್ಟ್ರೀಯ ಟೂರ್ನಿ ನಡೆದಿತ್ತು. ಎರಡು ಸಲ ಗೆದ್ದು ಕಪ್ಪನ್ನು ಸ್ವಂತ ಮಾಡಿಕೊಂಡ ಕ್ಲಬ್, ಪ್ರಯಾಣದ ಸಾಲಕ್ಕೆ ಅದನ್ನೇ 40 ಪೌಂಡಿಗೆ ಒತ್ತೆಯಿಟ್ಟಿತು. 1960ರಲ್ಲಿ ಮರಳಿ ಬಂದ ಕಪ್ 1994ರಲ್ಲಿ ಕಳುವಾಯಿತು. ಈಗಿರುವುದು ಅದರ ಪ್ರತಿಕೃತಿ.