ಕಂತು ತೀರಿದ ಮೇಲೆ ಬ್ರೇಕಿನ ಲೆಕ್ಕ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಆರೈಕೆ ಮೊದಲಾದ ವಿಷಯಗಳನ್ನು ಕುರಿತು ವೈದ್ಯ ಮಿತ್ರರು ಬರೆಯುತ್ತ ಬಂದಿದ್ದಾರೆ. ನಲವತ್ತು ದಾಟಿದವರು ರೋಗ ಕಾಣಿಸಿಕೊಳ್ಳುವವರೆಗೆ ಕಾಯದೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದು ಅವರೆಲ್ಲರ ಉಪದೇಶದ ಸಾರ. ಅದೇ ಮಾತು ನಮ್ಮ ಬಂಧುಗಳಲ್ಲಿ ಅನೇಕರ ಜೀವನೋಪಾಯವಾಗಿರುವ ಪಿಕಪ್ ವಾಹನಕ್ಕೂ ಅನ್ವಯಿಸುತ್ತದೆ. ಹೋಟೆಲಿಗೆ ತರಕಾರಿ, ಅಂಗಡಿಗೆ ಕಿರಾಣಿ, ಮದುವೆ ಮನೆಗೆ ಪಾತ್ರೆ ಸಾಗಿಸುವ ಈ ವಾಹನವು ಎರಡು ಲಕ್ಷ ಕಿಲೋಮೀಟರು ಓಡಿದ ಮೇಲೆ ಅದರ ಆರೋಗ್ಯವೆಂದರೆ ಅದನ್ನು ಓಡಿಸುವವರ ಆರೋಗ್ಯ, ದಾರಿಯಲ್ಲಿರುವ ಇತರರ ಆರೋಗ್ಯವೂ ಹೌದು.

ನಾನು ಇಂಜಿನಿಯರನಲ್ಲ. ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕಿನಲ್ಲಿ ವಾಹನ ಸಾಲದ ಕಡತಗಳನ್ನು ನೋಡುತ್ತ ಬಂದವನು. ಬ್ರೇಕಿನ ವಿಷಯವಾಗಿ ಬರೆಯುವ ಧೈರ್ಯ ನನಗೆ ಬಂದುದು ಒಂದು ಮಧ್ಯಾಹ್ನದ ಅನುಭವದಿಂದ.

ಧಾರವಾಡದ ಕಡೆಯ ಮಿತ್ರರೊಬ್ಬರು ಪುಣೆಯಲ್ಲಿ ಡೀಸೆಲ್ ಪಿಕಪ್ ಒಂದನ್ನು ಇಟ್ಟುಕೊಂಡು ಸರಕು ಸಾಗಿಸುತ್ತಾರೆ. ಐದು ವರ್ಷ ಒಂದು ಕಂತನ್ನೂ ತಪ್ಪಿಸದೆ ಸಾಲ ತೀರಿಸಿದರು. ಋಣಮುಕ್ತಿ ಪತ್ರ ಪಡೆಯಲು ಬಂದ ದಿನ ಶಾಖೆಯವರಿಗೆಲ್ಲ ಪೇಢೆ ಹಂಚಿ, “ಇನ್ನು ದುಡಿದದ್ದೆಲ್ಲ ನನ್ನದೇ ಸಾಹೇಬರೆ” ಎಂದರು. ನಾನೂ ನಕ್ಕು ಹೌದೆಂದೆ. ಅದು ಇಬ್ಬರದೂ ತಪ್ಪು ಲೆಕ್ಕವೆಂದು ತಿಳಿಯಲು ಒಂದು ವರ್ಷ ಬೇಕಾಯಿತು.

ಆ ವರ್ಷ ಕೊಲ್ಹಾಪುರದಿಂದ ಬೆಲ್ಲ ಹೇರಿಕೊಂಡು ಪುಣೆಯ ಮಾರ್ಕೆಟ್ ಯಾರ್ಡಿಗೆ ಬರುತ್ತಿದ್ದ ಅವರ ವಾಹನದಲ್ಲಿ ನಾನು ಸಾತಾರಾದಲ್ಲಿ ಹತ್ತಿಕೊಂಡೆ. ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರು. ಡೀಸೆಲ್ ಉಳಿಯುತ್ತದೆಂದು ಅವರು ಗೇರನ್ನು ನ್ಯೂಟ್ರಲಿಗೆ ತಂದು, ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಸುತ್ತಿದ್ದರು. ಅರ್ಧ ದಾರಿಯಲ್ಲಿ ಪೆಡಲು ಒದ್ದೆ ಹತ್ತಿಯ ಹಾಗೆ ಮೆತ್ತಗಾಗಿ ನೆಲಕ್ಕೆ ತಾಗಿತು. ಅವರು ಗಾಬರಿಯಾಗದೆ ಪೆಡಲನ್ನು ಮತ್ತೆ ಮತ್ತೆ ಒತ್ತಿ, ಗೇರನ್ನು ಮೂರಕ್ಕೆ, ಎರಡಕ್ಕೆ ಇಳಿಸಿ, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು, ರಸ್ತೆಯ ಅಂಚಿನಲ್ಲಿ ನಿಲ್ಲಿಸಿದರು. ಮುಂದೆ ಹತ್ತು ಮಾರು ದೂರದಲ್ಲಿ ಶಾಲೆಯ ಬಸ್ಸೊಂದು ಹೋಗುತ್ತಿತ್ತು. ಇಬ್ಬರಿಗೂ ಬಹಳ ಹೊತ್ತು ಮಾತು ಹೊರಡಲಿಲ್ಲ.

ಅರ್ಧ ಗಂಟೆಯ ತರುವಾಯ ಪೆಡಲು ಮೊದಲಿನಂತೆಯೇ ಗಟ್ಟಿಯಾಯಿತು! ಇದೇ ಈ ದೋಷದ ಮೋಸ. ತಣ್ಣಗಾದ ಮೇಲೆ ಪರೀಕ್ಷಿಸಿದವನಿಗೆ ಏನೂ ಕಾಣುವುದಿಲ್ಲ. ಅದರ ಕಾರಣವನ್ನು ತಿಳಿಯಬೇಕಾದರೆ ಬ್ರೇಕು ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡಬೇಕು.

ಬ್ರೇಕು ಮಾಡುವ ಕೆಲಸ

ಬ್ರೇಕು ವೇಗವನ್ನು ಶಾಖವಾಗಿ ಪರಿವರ್ತಿಸುತ್ತದೆ. ಸರಕು ಸೇರಿ ೩,೦೦೦ ಕಿಲೋಗ್ರಾಂ ತೂಗುವ ಪಿಕಪ್ಪನ್ನು ಗಂಟೆಗೆ ೬೦ ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖವು ಒಂದೂಕಾಲು ಲೀಟರ್ ನೀರನ್ನು ಕುದಿಗೆ ತರಬಲ್ಲದು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಅದೇ ವಾಹನವು ಬ್ರೇಕನ್ನೇ ನಂಬಿ ೧೦೦ ಮೀಟರ್ ಎತ್ತರದಿಂದ ಕೆಳಗಿಳಿದರೆ, ೬೦ರ ವೇಗದಿಂದ ಏಳು ಬಾರಿ ನಿಲ್ಲಿಸಿದಷ್ಟು ಶಾಖವನ್ನು ಬ್ರೇಕುಗಳೇ ನುಂಗಬೇಕು.

ಸಾಮಾನ್ಯವಾಗಿ ಪಿಕಪ್‌ನ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕೂ ಹಿಂದಿನವುಗಳಲ್ಲಿ ಡ್ರಮ್ ಬ್ರೇಕೂ ಇರುತ್ತವೆ. ಮುಂದೆ ತಿರುಗುವ ಎರಕದ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಎರಡು ಬದಿಗಳಿಂದ ಹಿಡಿಯುತ್ತವೆ. ಹಿಂದೆ ಡ್ರಮ್ಮಿನ ಒಳಮೈಗೆ ಎರಡು ಶೂಗಳು ಅಗಲಿ ಒತ್ತುತ್ತವೆ. ಪಾದದ ಒತ್ತಡವನ್ನು ಚಕ್ರಗಳಿಗೆ ಒಯ್ಯುವುದು ಕೊಳವೆಗಳಲ್ಲಿ ತುಂಬಿರುವ ಬ್ರೇಕ್ ದ್ರವ. ದ್ರವವು ಸಂಕುಚಿತವಾಗುವುದಿಲ್ಲವಾದ್ದರಿಂದ ಒತ್ತಡ ನೇರವಾಗಿ ತಲುಪುತ್ತದೆ. ಆವಿಯಾದರೋ ಸುಲಭವಾಗಿ ಸಂಕುಚಿತವಾಗುತ್ತದೆ. ಕೊಳವೆಯಲ್ಲಿ ಆವಿಯ ಗುಳ್ಳೆಗಳು ಎದ್ದರೆ ಪಾದದ ಬಲವೆಲ್ಲ ಅವುಗಳನ್ನು ಅಮುಕುವುದರಲ್ಲಿಯೇ ವ್ಯಯವಾಗುತ್ತದೆ. ಪ್ಯಾಡಿಗೆ ಏನೂ ಮುಟ್ಟುವುದಿಲ್ಲ.

ದ್ರವದೊಳಗಿನ ನೀರು

ನಮ್ಮ ವಾಹನಗಳಲ್ಲಿ ಬಳಕೆಯಲ್ಲಿರುವ ಡಾಟ್ ೩ ಮತ್ತು ಡಾಟ್ ೪ ದ್ರವಗಳಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಹೊಸ ಡಾಟ್ ೩ ದ್ರವವು ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ಕ್ಕೆ ಈ ಅಂಕಿಗಳು ೨೩೦ ಮತ್ತು ೧೫೫. ನಮ್ಮ ಮಿತ್ರರ ವಾಹನದ ದ್ರವವನ್ನು ಆರು ವರ್ಷಗಳಲ್ಲಿ ಒಮ್ಮೆಯೂ ಬದಲಿಸಿರಲಿಲ್ಲ. ಅದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಇಳಿಜಾರಿನಲ್ಲಿ ಅದು ಕುದಿಯಿತು. ನಿಂತ ಮೇಲೆ ಆವಿಯು ತಣಿದು ಮತ್ತೆ ದ್ರವವಾಯಿತು.

ಜೊತೆಗೆ ಮುಂದಿನ ಪ್ಯಾಡುಗಳು ಎರಡು ಮಿಲಿಮೀಟರಿಗೆ ಸವೆದಿದ್ದವು. ಹಿಂದಿನ ಎಡ ಚಕ್ರದ ಆಯಿಲ್ ಸೀಲು ಹರಿದು, ಆಕ್ಸಲಿನ ಎಣ್ಣೆ ಒಸರಿ ಶೂಗಳು ತೊಯ್ದಿದ್ದವು. ಹಿಂದಿನ ಬ್ರೇಕು ದುರ್ಬಲವಾದುದರಿಂದ ಹೊರೆಯೆಲ್ಲ ಮುಂದಿನ ಸವೆದ ಪ್ಯಾಡುಗಳ ಮೇಲೆ ಬಿದ್ದಿತ್ತು. ಒಂದು ಸಣ್ಣ ಸೀಲು, ಒಂದು ಡಬ್ಬಿ ದ್ರವ, ಒಂದು ಜೊತೆ ಪ್ಯಾಡು: ಈ ಮೂರರ ಅಲಕ್ಷ್ಯದ ಮೊತ್ತ ಆ ಮಧ್ಯಾಹ್ನ.

ಬದಲಿಸುವ ಕ್ರಮ

ಬ್ರೇಕಿನ ಕೆಲಸವನ್ನು ಅನುಭವಿ ಮೆಕ್ಯಾನಿಕರಿಂದಲೇ ಮಾಡಿಸಬೇಕು. ಆದರೆ ಮಾಲೀಕನು ಪಕ್ಕದಲ್ಲಿ ನಿಂತು ನೋಡಬೇಕು. ನೋಡುವುದಕ್ಕೆ ಕ್ರಮ ತಿಳಿದಿರಬೇಕು.

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎತ್ತದೆ ಇರುವ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಜಾಕಿನಿಂದ ಎತ್ತಿದ ಭಾಗಕ್ಕೆ ಗಟ್ಟಿಯಾದ ಸ್ಟ್ಯಾಂಡು ಕೊಡಬೇಕು. ಕೇವಲ ಜಾಕನ್ನು ನಂಬಿ ಯಾರೂ ಕೆಳಗೆ ಕೈಯಿಡಬಾರದು. ಹೊಸ ಪ್ಯಾಡಿನ ಘರ್ಷಣಾ ಪದಾರ್ಥವು ಸುಮಾರು ಹತ್ತು ಮಿಲಿಮೀಟರ್ ದಪ್ಪವಿರುತ್ತದೆ. ಮೂರಕ್ಕೆ ಇಳಿದೊಡನೆ ಬದಲಿಸುವುದು ಕ್ಷೇಮ. ಒಂದು ಕಡೆಯದು ಮಾತ್ರ ಸವೆದಿದ್ದರೂ ಎರಡು ಚಕ್ರಗಳಿಗೂ ಜೊತೆಯಾಗಿಯೇ ಹಾಕಬೇಕು; ಇಲ್ಲವಾದರೆ ಬ್ರೇಕು ಹಿಡಿದಾಗ ವಾಹನ ಒಂದು ಬದಿಗೆ ಎಳೆಯುತ್ತದೆ. ಒಂದು ಬದಿಯದು ಹೆಚ್ಚು ಸವೆದಿದೆಯೆಂದರೆ ಅದಕ್ಕೆ ಕಾರಣವೂ ಇದೆ: ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದಿರಬಹುದು, ಪಿಸ್ಟನ್ನು ಸಿಕ್ಕಿಕೊಂಡಿರಬಹುದು. ಪಿನ್ನನ್ನು ಶುಚಿಮಾಡಿ ಶಾಖ ತಡೆಯುವ ಸಿಲಿಕೋನ್ ಗ್ರೀಸು ಹಚ್ಚಬೇಕು. ಪ್ಯಾಡು ಮತ್ತು ಡಿಸ್ಕಿಗೆ ಅದು ಸೋಕಬಾರದು.

ಕಳಚಿದ ಕ್ಯಾಲಿಪರನ್ನು ರಬ್ಬರ್ ಕೊಳವೆಯಿಂದ ಜೋತು ಬಿಡದೆ ತಂತಿಯಿಂದ ಕಟ್ಟಬೇಕು. ಕೊಳವೆಯಲ್ಲಿ ಬಿರುಕೋ ಉಬ್ಬೋ ಕಂಡರೆ ಅದನ್ನೂ ಬದಲಿಸಬೇಕು. ಡಿಸ್ಕಿಗೆ ಕನಿಷ್ಠ ದಪ್ಪ, ಡ್ರಮ್ಮಿಗೆ ಗರಿಷ್ಠ ವ್ಯಾಸ ಎಂಬ ಮಿತಿಗಳಿವೆ; ಅವು ಬಹುಮಟ್ಟಿಗೆ ಆ ಭಾಗಗಳ ಮೇಲೆಯೇ ಅಚ್ಚಾಗಿರುತ್ತವೆ. ಮಿತಿ ಮೀರಿದ ಡಿಸ್ಕನ್ನು ಲೇತಿನಲ್ಲಿ ಕಡೆಸಿ ಮತ್ತೆ ಹಾಕುವುದು ಉಳಿತಾಯವಲ್ಲ.

ಹಿಂದಿನ ಡ್ರಮ್ಮನ್ನು ಬಿಚ್ಚದೆ ಪ್ಯಾಡು ಮಾತ್ರ ಬದಲಿಸಿ ಕಳಿಸುವ ರೂಢಿ ಹೆಚ್ಚು. ಹೆಚ್ಚು ಓಡಿದ ವಾಹನದಲ್ಲಿ ಡ್ರಮ್ಮನ್ನು ಬಿಚ್ಚಿಯೇ ನೋಡಬೇಕು. ವೀಲ್ ಸಿಲಿಂಡರು ಸೋರುತ್ತಿದೆಯೇ, ಎಣ್ಣೆ ಒಸರಿದೆಯೇ ಎಂಬುದು ಹೊರಗಿನಿಂದ ಕಾಣದು. ಎಣ್ಣೆ ಕುಡಿದ ಶೂವನ್ನು ತೊಳೆದು ಬಳಸಬಾರದು. ಸೋರಿಕೆಯನ್ನು ಸರಿಪಡಿಸಿ ಹೊಸದನ್ನು ಹಾಕಬೇಕು.

ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ನಿಯಮ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ನಮ್ಮಲ್ಲಿ ಹಿಂದಿನ ಎಡ ಚಕ್ರದಿಂದ ಆರಂಭಿಸಿ, ಅತಿ ಸಮೀಪದ ಮುಂದಿನ ಬಲ ಚಕ್ರದವರೆಗೆ ಗಾಳಿ ತೆಗೆಯುತ್ತಾರೆ. ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದೇ ಪ್ರಮಾಣ. ಮುಚ್ಚಿದ ಹೊಸ ಡಬ್ಬಿಯನ್ನೇ ಒಡೆಸಬೇಕು. ತೆರೆದಿಟ್ಟ ಡಬ್ಬಿ ಆಗಲೇ ತೇವ ಹೀರಿರುತ್ತದೆ. ದ್ರವದ ಬದಲು ಇಂಜಿನ್ ಎಣ್ಣೆಯನ್ನು ಎಂದೂ ಸುರಿಯಬಾರದು. ಅದು ರಬ್ಬರ್ ಸೀಲುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಕೆಲಸ ಮುಗಿದ ಮೇಲೆ, ವಾಹನ ಕದಲಿಸುವ ಮುನ್ನ, ಪೆಡಲು ಗಟ್ಟಿಯಾಗುವವರೆಗೆ ಒತ್ತಬೇಕು. ಇದನ್ನು ಮರೆತು ಗ್ಯಾರೇಜಿನ ಗೋಡೆಗೇ ಗುದ್ದಿದವರಿದ್ದಾರೆ.

ಧೂಳಿನ ಅಪಾಯ

ಡ್ರಮ್ಮು ಬಿಚ್ಚಿದೊಡನೆ ಕರಿಯ ಧೂಳು ಸುರಿಯುತ್ತದೆ. ಗ್ಯಾರೇಜಿನ ಹುಡುಗರು ಅದನ್ನು ಬಾಯಿಯಿಂದ ಊದುವುದನ್ನೋ ಕಂಪ್ರೆಸರಿನ ಗಾಳಿಯಿಂದ ಹಾರಿಸುವುದನ್ನೋ ನೋಡುತ್ತೇವೆ. ಲೈನಿಂಗುಗಳಲ್ಲಿ ಬಹುಕಾಲ ಆಸ್ಬೆಸ್ಟಾಸ್ ನಾರನ್ನು ಬಳಸುತ್ತಿದ್ದರು. ನಮ್ಮ ದೇಶದಲ್ಲಿ ಅದರ ಬಳಕೆಗೆ ಸಂಪೂರ್ಣ ನಿಷೇಧವಿಲ್ಲ. ಅಗ್ಗದ ಲೈನಿಂಗಿನಲ್ಲಿ ಏನಿದೆಯೆಂದು ಕಣ್ಣಿನಿಂದ ತಿಳಿಯಲಾಗದು. ಆ ನಾರು ಶ್ವಾಸಕೋಶವನ್ನು ಸೇರಿದರೆ ಹತ್ತಾರು ವರ್ಷಗಳ ತರುವಾಯ ಕ್ಯಾನ್ಸರ್ ಆಗಿ ತಲೆಯೆತ್ತಬಹುದು. ಆದುದರಿಂದ ಧೂಳನ್ನು ಊದದೆ, ನೀರು ಅಥವಾ ಬ್ರೇಕ್ ಕ್ಲೀನರಿನಿಂದ ತೋಯಿಸಿ, ಒದ್ದೆ ಬಟ್ಟೆಯಿಂದ ಒರೆಸಿಸಬೇಕು. ಆಸ್ಬೆಸ್ಟಾಸ್ ಇಲ್ಲವೆಂದು ಪೆಟ್ಟಿಗೆಯ ಮೇಲೆ ನಮೂದಿಸಿದ ಲೈನಿಂಗನ್ನೇ ಕೇಳಿ ಪಡೆಯಬೇಕು. ಆ ಹುಡುಗನೂ ಯಾವುದೋ ಊರಿನಿಂದ ಹೊಟ್ಟೆಪಾಡಿಗಾಗಿ ನಮ್ಮಂತೆಯೇ ಬಂದವನು.

ಭಾರವೂ ಬ್ರೇಕೂ

ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲಿನ ಬಳಿ ಒಂದು ಸಣ್ಣ ಕವಾಟವಿದೆ. ಸರಕಿನ ಭಾರಕ್ಕೆ ವಾಹನದ ಹಿಂಭಾಗ ಎಷ್ಟು ತಗ್ಗಿದೆಯೆಂಬುದನ್ನು ಸನ್ನೆಯೊಂದರಿಂದ ಅರಿತು, ಭಾರಕ್ಕೆ ತಕ್ಕಂತೆ ಹಿಂದಿನ ಚಕ್ರಗಳಿಗೆ ಒತ್ತಡ ಬಿಡುವುದು ಅದರ ಕೆಲಸ. ಹೆಚ್ಚು ಸರಕು ಹೇರುವ ಆಸೆಯಿಂದ ಹೆಚ್ಚುವರಿ ಪಟ್ಟಿ ಸ್ಪ್ರಿಂಗು ಹಾಕಿಸಿದರೆ ವಾಹನ ತಗ್ಗುವುದಿಲ್ಲ. ಭಾರವೇ ಇಲ್ಲವೆಂದು ಭ್ರಮಿಸುವ ಕವಾಟವು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಭಾರ ಹೆಚ್ಚಿದಾಗಲೇ ಬ್ರೇಕು ಕುಗ್ಗುವ ವಿಪರ್ಯಾಸವಿದು.

ಡೀಸೆಲ್ ವಾಹನದಲ್ಲಿ ಪಾದದ ಬಲವನ್ನು ಹೆಚ್ಚಿಸುವ ಬೂಸ್ಟರಿಗೆ ನಿರ್ವಾತವನ್ನು ಒದಗಿಸಲು ಪ್ರತ್ಯೇಕ ಪಂಪಿದೆ. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಹಾಗೆಯೇ ಅದುಮಿ ಹಿಡಿದು ಇಂಜಿನ್ ಚಾಲೂ ಮಾಡಿದರೆ, ಪೆಡಲು ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಪಂಪನ್ನೂ ಬೂಸ್ಟರನ್ನೂ ತೋರಿಸಬೇಕು.

ಬ್ರೇಕು ಚೆನ್ನಾಗಿದ್ದರೂ ಉಳಿದವು ಸೋತರೆ ಫಲವಿಲ್ಲ. ಚಕ್ರದ ಬೇರಿಂಗು, ಬಾಲ್ ಜಾಯಿಂಟು, ಶಾಕ್ ಅಬ್ಸಾರ್ಬರುಗಳನ್ನು ಬ್ರೇಕಿನ ಜೊತೆಗೇ ನೋಡಿಸಬೇಕು. ಟೈರಿನ ಗೀರುಗಳ ನಡುವೆ ೧.೬ ಮಿಲಿಮೀಟರ್ ಎತ್ತರದ ಸವೆತದ ಗುರುತುಗಳಿರುತ್ತವೆ. ಮೈ ಅವುಗಳ ಮಟ್ಟಕ್ಕೆ ಬಂದಿತೆಂದರೆ ಟೈರಿನ ಆಯುಷ್ಯ ಮುಗಿಯಿತು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಅರ್ಹತಾ ಪತ್ರ ಬೇಕು. ಆದರೆ ಅದು ಆ ಒಂದು ದಿನದ ಸ್ಥಿತಿಗೆ ಸಾಕ್ಷಿಯೇ ಹೊರತು ಉಳಿದ ೩೬೪ ದಿನಗಳಿಗೆ ಜಾಮೀನಲ್ಲ.

ಇಳಿಜಾರಿನ ಸುಳ್ಳು ಉಳಿತಾಯ

೨೦೨೨ರ ನವೆಂಬರ್ ೨೦ರಂದು ಇದೇ ನವಲೆ ಸೇತುವೆಯ ಬಳಿ ಲಾರಿಯೊಂದು ಅನೇಕ ವಾಹನಗಳಿಗೆ ಅಪ್ಪಳಿಸಿತು. ಚಾಲಕನು ಇಂಜಿನ್ ನಿಲ್ಲಿಸಿ ಇಳಿಯುತ್ತಿದ್ದನೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಇಂಜಿನ್ ನಿಲ್ಲಿಸಿದರೆ ಬೂಸ್ಟರಿನ ಬಲ ಬೇಗ ತೀರುತ್ತದೆ. ನ್ಯೂಟ್ರಲಿನಲ್ಲಿ ಇಳಿಸಿದರೆ ಇಂಜಿನ್ನಿನ ತಡೆ ಇಲ್ಲವಾಗಿ ಎಲ್ಲ ಶಾಖವೂ ಬ್ರೇಕಿಗೇ ಹೋಗುತ್ತದೆ. ವಾಸ್ತವವಾಗಿ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಇಂದಿನ ಡೀಸೆಲ್ ಇಂಜಿನ್ನುಗಳು, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಇಂಧನವನ್ನೇ ಕಡಿದುಹಾಕುತ್ತವೆ. ನ್ಯೂಟ್ರಲಿನಲ್ಲಾದರೋ ಇಂಜಿನ್ ತಿರುಗುತ್ತಿರಲು ಇಂಧನ ಬೇಕೇ ಬೇಕು. ಉಳಿತಾಯವೆಂದು ನಂಬಿದ್ದು ಉಳಿತಾಯವೇ ಅಲ್ಲ! ಯಾವ ಗೇರಿನಲ್ಲಿ ಘಟ್ಟ ಹತ್ತುವೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಿರಿಯ ಚಾಲಕರ ಮಾತು ಇಂದಿಗೂ ಸರಿ.

ಲೆಕ್ಕದ ಮಾತು

ಈಗ ನನ್ನ ವೃತ್ತಿಯ ಮಾತು. ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬುದೊಂದಿದೆ. ಕೈಯಿಂದ ಹಣ ಹೋಗದಿದ್ದರೂ ಯಂತ್ರ ಸವೆಯುತ್ತಿರುವುದರಿಂದ ಅದನ್ನು ಖರ್ಚೆಂದೇ ಬರೆಯುತ್ತೇವೆ. ಕಂತು ಇದ್ದಷ್ಟು ದಿನ ಮಾಲೀಕನು ತಿಂಗಳು ತಿಂಗಳು ಹಣ ತೆಗೆದಿಡುತ್ತಾನೆ. ಕಂತು ತೀರಿದೊಡನೆ ಆ ಹಣವನ್ನು ಲಾಭವೆಂದು ತಿಳಿಯುತ್ತಾನೆ. ಆದರೆ ದುರಸ್ತಿಯ ಕಾಲ ಆರಂಭವಾಗುವುದು ಸರಿಯಾಗಿ ಆಗಲೇ. ಬ್ಯಾಂಕಿನ ಸಾಲ ತೀರಿರುತ್ತದೆ, ವಾಹನದ ಸಾಲ ತೀರಿರುವುದಿಲ್ಲ. ಬ್ಯಾಂಕು ಕಂತು ತಪ್ಪಿದರೆ ನೋಟೀಸು ಕಳಿಸುತ್ತದೆ, ಬ್ರೇಕು ಕಳಿಸುವುದಿಲ್ಲ.

ಉಪಾಯ ಸರಳವಾಗಿದೆ. ತಿಂಗಳಿಗೆ ೪,೦೦೦ ಕಿಲೋಮೀಟರು ಓಡುವ ವಾಹನಕ್ಕೆ ಕಿಲೋಮೀಟರಿಗೆ ಒಂದು ರೂಪಾಯಿಯಂತೆ ತೆಗೆದಿಟ್ಟರೆ ವರ್ಷಕ್ಕೆ ೪೮,೦೦೦ ರೂಪಾಯಿ ಕೂಡುತ್ತದೆ. ಅದನ್ನು ಪ್ರತ್ಯೇಕ ಆವರ್ತ ಠೇವಣಿಯಲ್ಲಿಟ್ಟು, ವಾಹನದ ಹೊರತು ಬೇರಾವುದಕ್ಕೂ ಮುಟ್ಟಬಾರದು. ಜೊತೆಗೆ ನೂರು ಪುಟದ ನೋಟುಪುಸ್ತಕವೊಂದಿರಲಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ ಪ್ಯಾಡು, ದ್ರವ, ಇಂಜಿನ್ ಎಣ್ಣೆ, ಕೂಲೆಂಟು ಬದಲಾಯಿತೆಂದು ಬರೆದಿಟ್ಟರೆ ಮುಂದಿನ ಖರ್ಚು ಯಾವಾಗ ಬರುವುದೆಂದು ಮೊದಲೇ ತಿಳಿಯುತ್ತದೆ. ವಾಹನ ಮಾರುವಾಗಲೂ ಆ ಪುಸ್ತಕಕ್ಕೆ ಬೆಲೆಯಿದೆ.

ನಮ್ಮ ಮಿತ್ರರು ಈಗ ಹಾಗೆ ಮಾಡುತ್ತಿದ್ದಾರೆ. ಅವರ ಪುಸ್ತಕದ ಮೊದಲ ಪುಟದಲ್ಲಿ ೨,೪೦,೦೦೦ ಕಿಲೋಮೀಟರ್ ಎಂಬ ಅಂಕಿಯೂ ಆ ದಿನದ ತಾರೀಖೂ ಇವೆ. ನಾನೂ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಋಣಮುಕ್ತಿ ಪತ್ರಕ್ಕೆ ಸಹಿ ಹಾಕಿ ಕೊಡುವಾಗ, “ಬ್ರೇಕ್ ದ್ರವ ಬದಲಿಸಿ ಎಷ್ಟು ದಿನವಾಯಿತು?” ಎಂದು ಕೇಳುತ್ತೇನೆ. ಬಹುಮಂದಿ ಉತ್ತರ ಹೇಳಲಾರದೆ ನಗುತ್ತಾರೆ. ಪೇಢೆ ತಿನ್ನುವ ಮೊದಲು ಅವರನ್ನು ಗ್ಯಾರೇಜಿಗೆ ಕಳಿಸುತ್ತೇನೆ.